ಗಡಿ ಸಹಕಾರ ಅನುದಾನ

ನೆರೆಹೊರೆಯ ದೇಶಗಳ ಅಥವಾ ರಾಜ್ಯಗಳ ಗಡಿ ಭಾಗದ ರಸ್ತೆ, ಶಾಲೆ, ಆಸ್ಪತ್ರೆ, ಸಾಂಸ್ಕೃತಿಕ ಚಟುವಟಿಕೆಗಳಿಗೆ ಮರುಪಾವತಿಯ ಕರಾರಿಲ್ಲದೆ ಕೊಡುವ ಹಣ. ಬಡ್ಡಿಯಿಲ್ಲ, ಅಸಲು ಕಟ್ಟಬೇಕಿಲ್ಲ. ಲೆಕ್ಕ ಮಾತ್ರ ಒಪ್ಪಿಸಬೇಕು.

ಇದನ್ನು ಪದ್ಧತಿಯಾಗಿ ಬೆಳೆಸಿದ್ದು ಯುರೋಪ್. ಇಂದಿನ ಐರೋಪ್ಯ ಒಕ್ಕೂಟದ ಹಿಂದಿನ ರೂಪವಾದ ಐರೋಪ್ಯ ಸಮುದಾಯ 1990ರಲ್ಲಿ 'ಇಂಟರ್‌ರೆಗ್' ಯೋಜನೆ ಆರಂಭಿಸಿತು. ಗಡಿಯ ಎರಡೂ ಬದಿಯ ಪಾಲುದಾರರು ಸೇರಿ ಅರ್ಜಿ ಹಾಕಬೇಕೆಂಬುದು ಇದರ ಮೂಲ ನಿಯಮ. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರೆನೀಸ್ ಬೆಟ್ಟಸಾಲಿನಲ್ಲಿ 2014ರಲ್ಲಿ ತೆರೆದ ಸೆರ್ದಾನ್ಯಾ ಆಸ್ಪತ್ರೆ ಒಕ್ಕೂಟದ ನೆರವಿನ ಹೆಸರಾಂತ ಫಲ. ಕಟ್ಟಡ ಸ್ಪೇನಿನ ನೆಲದಲ್ಲಿದೆ, ರೋಗಿಗಳು ಎರಡೂ ದೇಶದವರು.

ಭಾರತ ಕೊಡುವ ಅನುದಾನ ಹೆಚ್ಚಾಗಿ ಒಂದೇ ದಿಕ್ಕಿನದು. ನೇಪಾಳದ ಹಳ್ಳಿಗಳ ಸಣ್ಣ ಯೋಜನೆಗಳಿಗೆ 2003ರಿಂದ ಹಣ ಹೋಗುತ್ತಿದೆ. ಮಾಲ್ದೀವ್ಸ್‌ನ ಮಾಲೆ ಸೇತುವೆ ಯೋಜನೆಗೆ 10 ಕೋಟಿ ಡಾಲರ್ ಅನುದಾನ, 40 ಕೋಟಿ ಡಾಲರ್ ಸಾಲ. ಅಗರ್ತಲಾದಿಂದ ಬಾಂಗ್ಲಾದೇಶದ ಅಖೌರಾಕ್ಕೆ 12.24 ಕಿ.ಮೀ. ರೈಲು ಮಾರ್ಗ ಹಾಕಿ 2023ರ ನವೆಂಬರ್ 1ರಂದು ಉದ್ಘಾಟಿಸಿದರೂ ಪ್ರಯಾಣಿಕರ ರೈಲು ಕೂಡಲೇ ಓಡಲಿಲ್ಲ. ಹಳಿ ಹಾಕಲು ಹಣ ಸಾಕು, ಗಾಡಿ ಓಡಿಸಲು ಆಚೆಯವರ ಮನಸ್ಸೂ ಬೇಕು.

ಕರ್ನಾಟಕಕ್ಕೆ ಪರದೇಶದ ನೆಲಗಡಿ ಇಲ್ಲ. ಇಲ್ಲಿ ಗಡಿ ಎಂದರೆ ರಾಜ್ಯದ ಗಡಿ. ಉಡುಪಿ ಜಿಲ್ಲೆಯ ಸಾಸ್ತಾನದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತೆಂಕು ದಿಕ್ಕಿಗೆ ಹೊರಟವರಿಗೆ ಮಂಗಳೂರು ದಾಟಿದ ಮೇಲೆ ತಲಪಾಡಿ ಸಿಗುತ್ತದೆ. ಅದರಾಚೆ ಮಂಜೇಶ್ವರ, ಕೇರಳ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಬರಬೇಕೆಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ್ ಆಯೋಗ 1967ರಲ್ಲಿ ಹೇಳಿದರೂ ಗೆರೆ ಕದಲಲಿಲ್ಲ. ನೆಲ ಬರಲಿಲ್ಲ, ಹಣ ಹೋಗತೊಡಗಿತು ಎನ್ನಬಹುದು. 2010ರ ಕಾಯಿದೆಯಂತೆ ರಚನೆಯಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಒಳಗಡಿಯ ತಾಲ್ಲೂಕುಗಳ ಜೊತೆಗೆ ಕಾಸರಗೋಡು, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರಿಗೂ ನೆರವಾಗುತ್ತದೆ. ಹೊರರಾಜ್ಯದಲ್ಲಿ ಕರ್ನಾಟಕ ತನ್ನ ಇಲಾಖೆ ತೆರೆದು ಕಾಮಗಾರಿ ನಡೆಸುವಂತಿಲ್ಲ. ಹಾಗಾಗಿ ಅಲ್ಲಿನ ಸಂಘ ಸಂಸ್ಥೆಗಳೇ ಅರ್ಜಿ, ಅಂದಾಜು ಪಟ್ಟಿ, ಕಡೆಗೆ ಹಣಬಳಕೆ ಪ್ರಮಾಣಪತ್ರ ಎಂದು ಕಾಗದ ಹೊರಬೇಕು. ಶಾಲೆಯ ಕೊಠಡಿ, ಕನ್ನಡ ಭವನಗಳು ಎದ್ದು ನಿಲ್ಲುವುದು ಇದೇ ದಾರಿಯಲ್ಲಿ.

ಎರಡೂ ಕಡೆಯವರು ಕೈಜೋಡಿಸಿದ ಉದಾಹರಣೆ ಮಂಜೇಶ್ವರದ 'ಗಿಳಿವಿಂಡು'. ರಾಷ್ಟ್ರಕವಿ ಗೋವಿಂದ ಪೈ (1883–1963) ಬಾಳಿದ ಮನೆಯ ಆವರಣದಲ್ಲಿ ಕೇರಳ, ಕರ್ನಾಟಕ ಎರಡರ ನೆರವಿನಿಂದಲೂ ಬೆಳೆದ ಸ್ಮಾರಕ ಇದು. ಇದಕ್ಕೆ ವಿರುದ್ಧವಾದದ್ದು ಬೆಳಗಾವಿ ಕಡೆಯದು. ಮಹಾರಾಷ್ಟ್ರ ಸರ್ಕಾರ 2023ರಲ್ಲಿ ತನ್ನ ಆರೋಗ್ಯ ವಿಮೆಯನ್ನು ಕರ್ನಾಟಕದೊಳಗಿನ 865 ಹಳ್ಳಿಗಳಿಗೆ ವಿಸ್ತರಿಸಲು ಹೊರಟಾಗ ಕರ್ನಾಟಕ ಗಟ್ಟಿಯಾಗಿ ಆಕ್ಷೇಪಿಸಿತು. ಜತ್ತದ ಕನ್ನಡ ಶಾಲೆಗೆ ಬೆಂಗಳೂರಿನ ಹಣ ಹೋದರೆ ಅದು ಅಭಿಮಾನ, ನಿಪ್ಪಾಣಿಗೆ ಮುಂಬಯಿಯ ಹಣ ಬಂದರೆ ಅತಿಕ್ರಮಣ. ಈ ಎರಡು ನಾಲಗೆ ಎರಡೂ ರಾಜ್ಯಗಳಿಗಿದೆ.

ಜಂಟಿ ನಿಯಮವಿಲ್ಲದ ಕೊರತೆ ಎದ್ದು ಕಂಡದ್ದು 2020ರ ಮಾರ್ಚ್‌ನಲ್ಲಿ. ಕೊರೊನಾ ಭಯದಲ್ಲಿ ಕೇರಳದ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಲಾಯಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಆಂಬುಲೆನ್ಸ್‌ಗಳು ತಲಪಾಡಿಯಿಂದ ಹಿಂದಿರುಗಿದವು. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಭವನ ಕಟ್ಟಲು ಅನುದಾನವಿದ್ದ ಈ ಗಡಿಯಲ್ಲಿ, ರೋಗಿಯನ್ನು ದಾಟಿಸಲು ಮೊದಲೇ ಮಾಡಿಟ್ಟ ಒಪ್ಪಂದವಿರಲಿಲ್ಲ.