ರೈಲ್ವೆ ಗೇಟು ಮುಚ್ಚುವ ಮಾತು

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ರೈಲ್ವೆ ಗೇಟಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನಾನು ಮಲ್ಲೇಶ್ವರದ ನಿವಾಸಿ. ನನ್ನ ನೆಂಟರಿಷ್ಟರಲ್ಲಿ ಅರ್ಧ ಮಂದಿ ಹಳಿಯಾಚೆ ರಾಜಾಜಿನಗರದಲ್ಲಿದ್ದಾರೆ. ಊರಿನಲ್ಲಿ ಎಲ್ಲೇ ಆಗಲಿ, ಒಂದು ಗೇಟನ್ನು ಶಾಶ್ವತವಾಗಿ ಮುಚ್ಚುವ ಮಾತು ಹೊರಟಿತೆಂದರೆ ಸಂಜೆ ಪಾರ್ಕಿನಲ್ಲಿ ಕೂಡುವ ನಮ್ಮ ಹಿರಿಯರಲ್ಲಿ ಎರಡು ಪಕ್ಷಗಳಾಗುತ್ತವೆ. "ರೈಲು ಬಂದದ್ದು ಮೊದಲು, ನಾವು ಬಂದದ್ದು ಆಮೇಲೆ" ಎಂದು ಒಂದು ಪಕ್ಷ. "ದಾರಿ ಇದ್ದದ್ದು ಮೊದಲು, ರೈಲು ಬಂದದ್ದು ಆಮೇಲೆ" ಎಂದು ಇನ್ನೊಂದು. ಇಬ್ಬರೂ ಚರಿತ್ರೆಯನ್ನೇ ಸಾಕ್ಷಿಗೆ ಕರೆಯುವುದರಿಂದ ಆ ಸಾಕ್ಷಿಯ ಹೇಳಿಕೆಯನ್ನು ಒಮ್ಮೆ ಕೇಳುವುದು ಒಳ್ಳೆಯದು.

ಜೋಲಾರ್‌ಪೇಟೆಯ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಅಲ್ಲಿಂದ ಮುಂದೆ ಸಂಸ್ಥಾನದ ಒಳನಾಡಿಗೆ ಹಳಿಯಿರಲಿಲ್ಲ. 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳ ಬರ ಬಂದಾಗ ಅದರ ಫಲ ಕಣ್ಣಿಗೆ ಹೊಡೆದು ಕಂಡಿತು. ಮೇವಿಲ್ಲದೆ ಎತ್ತುಗಳು ಸತ್ತವು. ಎತ್ತುಗಳಿಲ್ಲದೆ ಬಂಡಿಗಳು ನಿಂತವು. ಬೆಂಗಳೂರಿನವರೆಗೆ ಬಂದ ಧಾನ್ಯವನ್ನು ಹಸಿದ ಹಳ್ಳಿಗಳಿಗೆ ಸಾಗಿಸುವುದೇ ದುಸ್ತರವಾಯಿತು. ಆ ಪಾಠವನ್ನು ಕಲಿತ ಸಂಸ್ಥಾನವು 1882ರಲ್ಲಿ ಮೈಸೂರಿನವರೆಗೂ 1884ರಲ್ಲಿ ತುಮಕೂರಿನವರೆಗೂ ಮೀಟರ್‌ಗೇಜ್ ದಾರಿ ಹಾಕಿಸಿತು. ನಮ್ಮ ಪಕ್ಕದಲ್ಲಿ ಹಾದುಹೋಗುವುದು ಈ ತುಮಕೂರು ದಾರಿಯೇ. ಇಂದು ಗೇಟಿನ ಮುಂದೆ ನಿಂತು ನಾವು ಶಪಿಸುವ ಹಳಿ, ಅನ್ನವಿಲ್ಲದೆ ಸತ್ತವರ ನೆನಪಿನಲ್ಲಿ ಬಿದ್ದ ಹಳಿ ಎಂಬುದನ್ನು ಮರೆಯಬಾರದು.

ಆಗ ಮಲ್ಲೇಶ್ವರ ಬಡಾವಣೆ ಇರಲಿಲ್ಲ. 1669ರ ಶಾಸನದಲ್ಲಿ ಉಲ್ಲೇಖಗೊಂಡಿರುವ ಕಾಡು ಮಲ್ಲೇಶ್ವರನ ಗುಡಿಯಿತ್ತು, ಸುತ್ತ ಹೊಲತೋಟಗಳಿದ್ದವು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಕೇರಿಗಳು ಬರಿದಾದ ಮೇಲೆಯೇ ಬಸವನಗುಡಿಯೂ ಮಲ್ಲೇಶ್ವರವೂ ಅಗಲವಾದ ಬೀದಿಗಳೊಡನೆ ಹುಟ್ಟಿದ್ದು. ಹಳಿಯ ಪಶ್ಚಿಮಕ್ಕೆ ಕೇತಮಾರನಹಳ್ಳಿಯಂಥ ಹಳ್ಳಿಗಳು ಇನ್ನೂ ಐವತ್ತು ವರ್ಷ ಹಳ್ಳಿಗಳಾಗಿಯೇ ಉಳಿದುವು. 1949ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರ ಹೆಸರಿನ ಬಡಾವಣೆ ಅಲ್ಲಿ ಎದ್ದಿತು. ಊರಿನ ಅಂಚಾಗಿದ್ದ ಹಳಿ ಊರಿನ ನಡುವಿಗೆ ಬಂದದ್ದು ಹೀಗೆ; ಹಳಿ ಇದ್ದಲ್ಲಿಯೇ ಇತ್ತು, ಊರು ಅದನ್ನು ದಾಟಿತು.

ಹಾಗಾದರೆ ಮೊದಲನೆಯ ಪಕ್ಷವೇ ಗೆದ್ದಿತೆ? ಪೂರ್ತಿಯಾಗಿ ಅಲ್ಲ. 1890ರ ಇಂಡಿಯಾ ರೈಲ್ವೆ ಕಾಯಿದೆಯು, ಹಳಿಯಿಂದ ಜಮೀನಿನ ಬಳಕೆಗೆ ಆಗುವ ಅಡಚಣೆಯನ್ನು ಸರಿಪಡಿಸುವುದಕ್ಕಾಗಿ ದಾಟುದಾರಿ, ಸೇತುವೆಗಳನ್ನು ಮಾಡಿಕೊಡುವುದು ರೈಲ್ವೆಯವರ ಹೊಣೆ ಎಂದಿತು. ಜೊತೆಗೆ ಒಂದು ಗಡುವನ್ನೂ ಇಟ್ಟಿತು: ರೈಲು ಓಡಲು ತೊಡಗಿ ಹತ್ತು ವರ್ಷ ಕಳೆದ ಮೇಲೆ ಜಮೀನಿನವರಿಗೆ ಹೆಚ್ಚಿನ ದಾರಿ ಬೇಕಾದರೆ ಅದರ ವೆಚ್ಚ ಸಾಮಾನ್ಯವಾಗಿ ರೈಲ್ವೆಯದಲ್ಲ. ಆ ಅಳತೆಗೋಲನ್ನು ನಮ್ಮ ಬಡಾವಣೆಗೆ ಹಿಡಿದು ನೋಡಿ. 1884ಕ್ಕೆ ಹತ್ತು ಕೂಡಿದರೆ 1894. ಮಲ್ಲೇಶ್ವರ ಹುಟ್ಟಿದ್ದು ಇನ್ನು ನಾಲ್ಕು ವರ್ಷಕ್ಕೆ. ಹಳೆಯ ಕಾಲುದಾರಿಯವನಿಗೆ ಹಕ್ಕಿತ್ತು. ಹೊಸ ಬಡಾವಣೆಯವನು ಕೇಳಿಕೊಳ್ಳಬೇಕಾಯಿತು. 1989ರ ಕಾಯಿದೆಯೂ ಹತ್ತು ವರ್ಷದ ಈ ಗಡುವನ್ನು ಉಳಿಸಿಕೊಂಡಿದೆ.

ಗೇಟನ್ನು ಮುಚ್ಚಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಓಡುವ ರೈಲು ಜಟಕಾದಂತೆ ಲಗಾಮು ಎಳೆದೊಡನೆ ನಿಲ್ಲತಕ್ಕದ್ದಲ್ಲ. ಆದುದರಿಂದ ಸಿಗ್ನಲ್ಲಿಗೆ ಜೋಡಿಸಿದ ಗೇಟುಗಳಲ್ಲಿ, ಗೇಟು ಬಿದ್ದು ಬೀಗವಾದ ಹೊರತು ಗಾಡಿಗೆ ಹಸಿರು ದೀಪ ಸಿಕ್ಕುವುದಿಲ್ಲ. ಜೋಡಿ ಹಳಿಗಳಾದ ಮೇಲಂತೂ ಒಂದು ಗಾಡಿ ಹೋಯಿತೆನ್ನುವಷ್ಟರಲ್ಲಿ ಎದುರಿನಿಂದ ಇನ್ನೊಂದು. ಇತ್ತ ರಸ್ತೆಯಲ್ಲಿ ಆಂಬುಲೆನ್ಸ್ ನಿಂತಿರುತ್ತದೆ. ಅತ್ತ ತಾಳ್ಮೆಗೆಟ್ಟವನೊಬ್ಬ ಗೇಟಿನ ಕೆಳಗೆ ತಲೆ ತೂರಿಸುತ್ತಾನೆ. ಕಾವಲುಗಾರರಿಲ್ಲದ ಗೇಟುಗಳನ್ನು ದೇಶದ ಬ್ರಾಡ್‌ಗೇಜ್ ದಾರಿಗಳಿಂದ 2019ರ ಜನವರಿಯ ಹೊತ್ತಿಗೆ ಪೂರ್ಣವಾಗಿ ತೆಗೆದುಹಾಕಿದ್ದು ಪ್ರಾಣಗಳನ್ನು ಉಳಿಸುವ ಕೆಲಸ. ಅದರಲ್ಲಿ ಎರಡು ಮಾತಿಲ್ಲ.

ನನಗೆ ಕಸಿವಿಸಿಯಾಗುವುದು ಲೆಕ್ಕದ ವಿಷಯದಲ್ಲಿ. ಗೇಟಿನ ಬದಲು ಸೇತುವೆ ಬೇಕೇ ಎಂಬುದನ್ನು ನಿರ್ಣಯಿಸಲು ರೈಲ್ವೆಯವರಲ್ಲಿ ಬಹುಕಾಲದಿಂದ ಒಂದು ಗುಣಾಕಾರವುಂಟು. ದಿನಕ್ಕೆ ಹೋಗುವ ರೈಲುಗಳ ಸಂಖ್ಯೆಯನ್ನು ಗೇಟು ದಾಟುವ ವಾಹನಗಳ ಸಂಖ್ಯೆಯಿಂದ ಗುಣಿಸಬೇಕು. 100 ರೈಲು, 1,000 ವಾಹನವಾದರೆ ಒಂದು ಲಕ್ಷ. ಅಷ್ಟಾದರೆ ಸೇತುವೆಯ ವೆಚ್ಚವನ್ನು ರೈಲ್ವೆಯೂ ರಾಜ್ಯವೂ ಹಂಚಿಕೊಳ್ಳುವ ಪದ್ಧತಿ ನಡೆದುಬಂತು. ಈ ಲೆಕ್ಕದಲ್ಲಿ ಮೋಟಾರಿಗೆ ಒಂದು ಅಂಕ, ಎತ್ತಿನ ಗಾಡಿಗೂ ಒಂದು, ಆಟೋರಿಕ್ಷಾಕ್ಕೆ ಅರ್ಧ. ಕಾಲ್ನಡಿಗೆಯವನಿಗೆ ಸೊನ್ನೆ! ಸ್ಕೂಲಿಗೆ ಹೋಗುವ ಹುಡುಗಿ, ಮನೆಗೆಲಸಕ್ಕೆ ಬರುವ ಹೆಂಗಸು, ಗುಡಿಗೆ ಹೊರಟ ಅಜ್ಜಿ, ಇವರು ಯಾರೂ ಆ ಮೊತ್ತದಲ್ಲಿ ಇಲ್ಲ. ಲೆಕ್ಕದಲ್ಲಿಲ್ಲದವರು ನಕ್ಷೆಯಲ್ಲಿಯೂ ಇಲ್ಲವಾಗುವುದು ಸಹಜ. ಮೋಟಾರಿಗೆ ಎರಡು ನಿಮಿಷ ಉಳಿಯುತ್ತದೆ. ನಡೆಯುವವರಿಗೆ ಅರ್ಧ ಮೈಲಿ ಸುತ್ತು ಬೀಳುತ್ತದೆ.

ಹಳಿಯಾಚೆಯಿಂದ ಬುಟ್ಟಿ ಹೊತ್ತು ಬಂದು ನಮ್ಮ ಬೀದಿಯಲ್ಲಿ ಹೂ ಮಾರುವ ಹೆಂಗಸೊಬ್ಬಳನ್ನು ಈ ಮಾತು ಕೇಳಿದೆ. "ಸೇತುವೆ ಕಟ್ಟಲಿ ಮೇಷ್ಟ್ರೇ, ಬ್ಯಾಡ ಅನ್ನಕಿಲ್ಲ. ಈ ಬುಟ್ಟಿ ಹೊತ್ಕೊಂಡು ಎಷ್ಟು ಮೆಟ್ಲು ಹತ್ಲಿ? ಕೆಳಗಿನ ದಾರಿ ಮಾಡಿದ್ರೆ ಮಳೇಲಿ ಮೊಣಕಾಲುದ್ದ ನೀರು" ಎಂದಳು. ಎರಡು ಪಕ್ಷದ ಹಿರಿಯರೂ ಎತ್ತದ ಪ್ರಶ್ನೆಯನ್ನು ಆಕೆ ಒಂದೇ ಉಸಿರಿನಲ್ಲಿ ಎತ್ತಿದ್ದಳು.

ಬೆಂಗಳೂರಿಗೆ ಬಾಗಿಲುಗಳನ್ನು ಕಳೆದುಕೊಳ್ಳುವುದು ಹೊಸತಲ್ಲ. ಕೋಟೆಪೇಟೆಯ ಹಲಸೂರು ಬಾಗಿಲು ಹೋಗಿ ಎಷ್ಟೋ ಕಾಲವಾಯಿತು. ಹಲಸೂರು ಗೇಟ್ ಎಂಬ ಹೆಸರು ನಿಂತಿದೆ, ಜನ ಸರಾಗವಾಗಿ ಓಡಾಡುತ್ತಾರೆ. ಬಾಗಿಲು ಹೋಗಿ ದಾರಿ ಉಳಿಯಿತು. ರೈಲ್ವೆ ಗೇಟಿನ ವಿಷಯದಲ್ಲಿ ಆಗಬಾರದ್ದು ಇದರ ವಿಪರೀತ: ಬಾಗಿಲಿನೊಡನೆ ದಾರಿಯೂ ಹೋಗುವುದು. ಹಳಿಯಿಂದಾದ ಅಡಚಣೆಯನ್ನು ಸರಿಪಡಿಸಬೇಕೆಂದು 1890ರ ಕಾಯಿದೆ ಹೇಳಿದ್ದು ನ್ಯಾಯವಾದರೆ, ಗೇಟು ಮುಚ್ಚುವುದರಿಂದ ಆಗುವ ಅಡಚಣೆಗೂ ಅದೇ ನ್ಯಾಯ ಸಲ್ಲಬೇಕು. ನಡೆಯುವವರಿಗೆ ನೀರು ನಿಲ್ಲದ, ದೀಪವಿರುವ, ಇಳಿಜಾರಾದ ದಾರಿಯೊಂದು ಮೊದಲು ತೆರೆಯಲಿ. ಗೇಟು ಮರುದಿನ ಮುಚ್ಚಲಿ. ಈ ಕ್ರಮದಲ್ಲಿ ಕೆಲಸ ನಡೆಯುವುದಾದರೆ ನಾನು ಮುಚ್ಚುವವರ ಪಕ್ಷ.