ಹಳೇ ಬ್ಯಾಂಡು, ಹೊಸ ಗಂಟಲು

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರಿಗೆ ಮೆಟಲ್ ಸಂಗೀತ ಅಂದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕಾದ ಸಂಗತಿ ಅಂತ ನನಗೆ ಗೊತ್ತು. ನಮ್ಮ ಮನೆಯಲ್ಲೂ ಅದೇ ಕತೆ. ಆದರೂ ಇವತ್ತು ಅದರ ಬಗ್ಗೆಯೇ ಬರೀತೀನಿ, ಬೈಕೊಳ್ಳದೆ ಓದಿ.

ಮೊನ್ನೆ ಅಟ್ಟದ ಮೇಲಿನ ಡಬ್ಬ ಕೆದಕುವಾಗ ಒಂದು ಕ್ಯಾಸೆಟ್ ಸಿಕ್ಕಿತು. ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟಿದ್ದ ಆಲ್ಬಮ್. ಮೇಲೆ ಬಾಲ್ ಪೆನ್ನಿನಲ್ಲಿ ಅವನ ಅಕ್ಷರ: 'ಆಂಥ್ರಾಕ್ಸ್ – ಹೊಸಬ'. ಹಾಡುಗಾರನ ಹೆಸರಿಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಹೊಸಬ, ಅಷ್ಟೇ!

ಆಲ್ಬಮ್ಮಿನ ಹೆಸರು 'ಸೌಂಡ್ ಆಫ್ ವೈಟ್ ನಾಯ್ಸ್', 1993ರದ್ದು. ಹೊಸಬನ ಹೆಸರು ಜಾನ್ ಬುಷ್.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಎಂಬತ್ತರ ದಶಕದ ಅಮೆರಿಕದಲ್ಲಿ ಥ್ರ್ಯಾಷ್ ಮೆಟಲ್ ಅಂತ ಒಂದು ಬಗೆ ಹುಟ್ಟಿಕೊಂಡಿತು. ವಿಪರೀತ ವೇಗ, ಗರಗಸದಂಥ ಗಿಟಾರು, ಸಿಟ್ಟು. ಅದರಲ್ಲಿ ನಾಲ್ವರು ದೊಡ್ಡವರು: ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್. ಮೊದಲ ಮೂರೂ ಕ್ಯಾಲಿಫೋರ್ನಿಯಾದವು, ಆಂಥ್ರಾಕ್ಸ್ ಮಾತ್ರ ನ್ಯೂಯಾರ್ಕಿನದು. ಗಿಟಾರಿಸ್ಟ್ ಸ್ಕಾಟ್ ಇಯಾನ್ 1981ರಲ್ಲಿ ಗೆಳೆಯ ಡ್ಯಾನ್ ಲಿಲ್ಕರ್ ಜೊತೆ ಕಟ್ಟಿದ ಬ್ಯಾಂಡು. ಉಳಿದ ಮೂರರಲ್ಲಿ ಹಾಡುವುದಕ್ಕಿಂತ ಗದರುವುದೇ ಹೆಚ್ಚು. ಆಂಥ್ರಾಕ್ಸ್‌ನಲ್ಲಿ ಜೋಯಿ ಬೆಲಡೋನಾ ಇದ್ದ. ತಾರಕದಲ್ಲಿ, ಸ್ವರ ಬಿಡದೆ, ಸ್ಪಷ್ಟವಾಗಿ ಹಾಡುವವನು. 1987ರ 'ಅಮಂಗ್ ದ ಲಿವಿಂಗ್' ಕೇಳಿದವರಿಗೆ ಗೊತ್ತು, ಆ ಗಿಟಾರುಗಳ ಗದ್ದಲದ ಮೇಲೆ ಅವನ ದನಿ ಗಾಳಿಪಟದ ಹಾಗೆ ನಿಲ್ಲುತ್ತದೆ.

1992ರಲ್ಲಿ ಆ ಬೆಲಡೋನಾನನ್ನು ತೆಗೆದುಹಾಕಿದರು.

ಅದು ಎಂಥ ಕಾಲ ಅಂದರೆ, 1991ರಲ್ಲಿ ನಿರ್ವಾಣದ 'ನೆವರ್‌ಮೈಂಡ್' ಬಂದು ಎಲ್ಲವನ್ನೂ ತಲೆಕೆಳಗು ಮಾಡಿತ್ತು. ಮೆಟಾಲಿಕಾ ಅದೇ ವರ್ಷ ವೇಗ ಇಳಿಸಿ ಕೋಟಿಗಟ್ಟಲೆ ಕೇಳುಗರನ್ನು ಸಂಪಾದಿಸಿತ್ತು. ಜೂಡಾಸ್ ಪ್ರೀಸ್ಟ್‌ನಿಂದ ರಾಬ್ ಹ್ಯಾಲ್‌ಫರ್ಡ್, ಐರನ್ ಮೇಡನ್‌ನಿಂದ ಬ್ರೂಸ್ ಡಿಕಿನ್‌ಸನ್, ಎಲ್ಲರೂ ಒಂದು ವರ್ಷದ ಆಚೀಚೆ ಹೊರಬಿದ್ದರು. ಎತ್ತರದ ದನಿಯ ಹಾಡುಗಾರರ ಮೇಲೆ ಯಾರೋ ಕಣ್ಣು ಹಾಕಿದ್ದರೇನೋ ಅನ್ನಿಸುತ್ತೆ!

ಜಾನ್ ಬುಷ್ ಬಂದದ್ದು ಲಾಸ್ ಏಂಜಲೀಸಿನ ಆರ್ಮರ್ಡ್ ಸೇಂಟ್ ಬ್ಯಾಂಡಿನಿಂದ. ಇವನ ಕತೆ ನನಗೆ ಯಾವಾಗಲೂ ಸ್ವಲ್ಪ ಸಂಕಟ ತರಿಸುತ್ತದೆ. ಎಂಬತ್ತರ ದಶಕದ ಶುರುವಿನಲ್ಲಿ, ಇನ್ನೂ ಯಾರಿಗೂ ಗೊತ್ತಿರದ ಮೆಟಾಲಿಕಾ 'ನಮಗೆ ಹಾಡು ಬಾ' ಅಂತ ಇವನನ್ನು ಕರೆದಿತ್ತು. ಗೆಳೆಯರ ಬ್ಯಾಂಡು ಬಿಟ್ಟು ಬರಲು ಇವನು ಒಪ್ಪಲಿಲ್ಲ. ಆಮೇಲೆ ಮೆಟಾಲಿಕಾ ಎಲ್ಲಿಗೆ ಹೋಯಿತು ಅಂತ ಬಿಡಿಸಿ ಹೇಳಬೇಕಿಲ್ಲ. 1990ರಲ್ಲಿ ಆರ್ಮರ್ಡ್ ಸೇಂಟ್‌ನ ಗಿಟಾರಿಸ್ಟ್ ಡೇವ್ ಪ್ರಿಚರ್ಡ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಉಳಿದವರು ಅವನಿಲ್ಲದೆಯೇ 1991ರಲ್ಲಿ 'ಸಿಂಬಲ್ ಆಫ್ ಸಾಲ್ವೇಶನ್' ಮುಗಿಸಿದರು. ಅದಾದ ಮೇಲೆ ಆಂಥ್ರಾಕ್ಸ್‌ನಿಂದ ಕರೆ ಬಂದಾಗ ಈ ಸಲ ಹ್ಞೂಂ ಅಂದ.

ಇನ್ನು ಆಲ್ಬಮ್ಮಿಗೆ ಬರೋಣ. ನಿರ್ಮಾಪಕ ಡೇವ್ ಜೆರ್ಡನ್, ಅದರ ಹಿಂದಿನ ವರ್ಷವಷ್ಟೇ ಆಲಿಸ್ ಇನ್ ಚೈನ್ಸ್‌ನ 'ಡರ್ಟ್' ಮಾಡಿಸಿದ್ದವನು. ಅದರ ಛಾಯೆ ಇಲ್ಲಿ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಗಿಟಾರು ದಪ್ಪಗಾಗಿದೆ, ಓಟ ತಗ್ಗಿದೆ. ಬುಷ್‌ನದು ಕೆಳಗಿನ ಸ್ಥಾಯಿಯ, ಸ್ವಲ್ಪ ಮರಳು ಬೆರೆತ ದನಿ. ಬೆಲಡೋನಾ ಗಿಟಾರುಗಳ ಮೇಲೆ ತೇಲುತ್ತಿದ್ದ, ಇವನು ಅವುಗಳ ನಡುವೆ ನುಗ್ಗಿ ನಡೆಯುತ್ತಾನೆ. ಇನ್ನೊಂದು ವ್ಯತ್ಯಾಸವಿದೆ. ಬೆಲಡೋನಾ ಬಹುಮಟ್ಟಿಗೆ ಬೇರೆಯವರು ಬರೆದುಕೊಟ್ಟ ಸಾಲುಗಳನ್ನು ಹಾಡುತ್ತಿದ್ದ, ಬುಷ್ ಬರೆಯುವುದಕ್ಕೂ ಕೂತ. 'ಓನ್ಲಿ' ಹಾಡು ಕೇಳಿದರೆ ಅದು ಗೊತ್ತಾಗುತ್ತದೆ, ಸಾಲು ಅವನ ಬಾಯಿಗೆ ಹೊಂದಿಕೊಂಡೇ ಹುಟ್ಟಿದೆ. ಪಿ.ಬಿ. ಶ್ರೀನಿವಾಸ್ ದನಿಗೆ ಒಗ್ಗಿದ್ದ ಕಿವಿಗಳಿಗೆ ರಾಜ್‌ಕುಮಾರ್ ತಾವೇ ಹಾಡಲು ಶುರು ಮಾಡಿದಾಗ ಮೊದಮೊದಲು ಹೇಗೆ ಕೇಳಿಸಿರಬಹುದು ಅಂತ ಒಮ್ಮೆ ಯೋಚಿಸಿದ್ದೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ ಬಿಡಿ.

ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 7ನೇ ಸ್ಥಾನ ತಲುಪಿತು. ಚಿನ್ನದ ತಟ್ಟೆಯೂ ಬಂತು. ಅಂದರೆ ಜನ ಹೊಸಬನನ್ನು ಒಪ್ಪಿಕೊಂಡಿದ್ದರು. 'ಬುಷ್ ಬಂದಮೇಲೆ ಬ್ಯಾಂಡು ಕೆಟ್ಟಿತು' ಅಂತ ಈಗಲೂ ವಾದ ಮಾಡುವವರು ಇದನ್ನು ಮರೆತುಬಿಡುತ್ತಾರೆ. ಕೆಟ್ಟದ್ದು ಆಮೇಲೆ. ಎಲೆಕ್ಟ್ರಾ ಕಂಪನಿಯ ಯಜಮಾನಿಕೆ 1994ರಲ್ಲಿ ಬದಲಾಯಿತು, 1995ರ 'ಸ್ಟಾಂಪ್ 442' ಮೊದಲ ನಲವತ್ತರೊಳಗೂ ಬರಲಿಲ್ಲ. ಆ ಹೊತ್ತಿಗೆ ಥ್ರ್ಯಾಷ್ ಯಾರಿಗೂ ಬೇಡವಾಗಿತ್ತು. ಹಾಡುಗಾರ ಯಾರಾಗಿದ್ದರೂ ಅದೇ ಆಗುತ್ತಿತ್ತು ಅನ್ನೋದು ನನ್ನ ಅನಿಸಿಕೆ.

ಲೆಕ್ಕ ಹಾಕಿ ನೋಡಿದೆ. ಬೆಲಡೋನಾ ಮೊದಲ ಸಲ ಇದ್ದದ್ದು 1984ರಿಂದ 1992. ಬುಷ್ ಇದ್ದದ್ದು 1992ರಿಂದ 2005. ಅಂದರೆ ಹದಿಮೂರು ವರ್ಷ ಹಾಡಿದವನು ಹೊಸಬನಾಗಿಯೇ ಉಳಿದ. ತಮಾಷೆ ಅಂದರೆ ಬೆಲಡೋನಾನೂ ಮೊದಲಿಗನಲ್ಲ. 1984ರ ಮೊದಲ ಆಲ್ಬಮ್ ಹಾಡಿದ್ದು ನೀಲ್ ಟರ್ಬಿನ್!

2004ರಲ್ಲಿ ಬುಷ್ ಕೈಯಲ್ಲೇ ಹಳೆಯವರ ಹಾಡುಗಳನ್ನು ಮತ್ತೆ ಹಾಡಿಸಿ 'ದ ಗ್ರೇಟರ್ ಆಫ್ ಟೂ ಈವಿಲ್ಸ್' ತಂದರು, ಹಾಡುಗಳನ್ನು ಅಭಿಮಾನಿಗಳೇ ಆರಿಸಿದ್ದರು. ನನಗದು ಕೇಳಲು ಕಷ್ಟವಾಯಿತು. ದನಿ ಕೆಟ್ಟದಾಗಿತ್ತು ಅಂತಲ್ಲ, ಬೇರೆಯವರ ಅಂಗಿ ತೊಟ್ಟು ನಿಂತವನನ್ನು ನೋಡಿದ ಹಾಗಿತ್ತು. ಮರುವರ್ಷ ಬೆಲಡೋನಾ ವಾಪಸ್ ಬಂದ, 2007ರಲ್ಲಿ ಮತ್ತೆ ಹೋದ, 2010ರಲ್ಲಿ ಮತ್ತೆ ಬಂದ.

ಅದೇ 2010ರ ಜೂನ್‌ನಲ್ಲಿ ಬಲ್ಗೇರಿಯದ ಸೋಫಿಯಾದಲ್ಲಿ ನಾಲ್ಕೂ ದೊಡ್ಡ ಬ್ಯಾಂಡುಗಳು ಒಂದೇ ವೇದಿಕೆ ಹತ್ತಿದವು. ಅದರ ಡಿವಿಡಿ ನೋಡಿ. ಹಳೆಯ ಹಾಡುಗಳ ಮಧ್ಯೆ ಬೆಲಡೋನಾ 'ಓನ್ಲಿ' ಹಾಡುತ್ತಾನೆ. ತನ್ನನ್ನು ಹೊರಗೆ ಕಳಿಸಿ ಮಾಡಿದ ಆಲ್ಬಮ್ಮಿನ ಹಾಡು ಅದು. ಮುಖದಲ್ಲಿ ಏನಾದರೂ ಕಾಣುತ್ತದೋ ಅಂತ ಎರಡು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಏನೂ ಇಲ್ಲ, ಮೈಕು ಹಿಡಿದು ಆರಾಮಾಗಿ ಓಡಾಡಿಕೊಂಡು ಹಾಡುತ್ತಾನೆ. ಬುಷ್ ಹಾಡಿದ ಉಳಿದ ಹಾಡುಗಳ ಕಡೆಗೆ ಮಾತ್ರ ಬ್ಯಾಂಡು ಅಷ್ಟಾಗಿ ತಿರುಗಿ ನೋಡಲಿಲ್ಲ.

ಅಂದ ಹಾಗೆ, ಯಾರಾದರೂ ಧೈರ್ಯ ಮಾಡಿ ಕೇಳುವುದಾದರೆ 'ಬ್ಲ್ಯಾಕ್ ಲಾಡ್ಜ್'ನಿಂದ ಶುರು ಮಾಡಿ. 'ಟ್ವಿನ್ ಪೀಕ್ಸ್' ಧಾರಾವಾಹಿಗೆ ಸಂಗೀತ ಕೊಟ್ಟ ಆಂಜೆಲೊ ಬಾದಲಮೆಂಟಿ ಇದರಲ್ಲಿ ಕೈಜೋಡಿಸಿದ್ದಾರೆ. ನಿಧಾನದ ಹಾಡು, ಹತ್ತಿ ಬೇಡ.