ಚಂದ್ರನ ಬಂದರಿಗೆ ಮರಳಿದ ಟ್ರಾಮ್

ಫ್ರಾನ್ಸಿನ ಬೋರ್ಡೋ ನಗರದ ಬೂರ್ಸ್ ಚೌಕದಲ್ಲಿ ಮೊದಲ ಸಲ ಟ್ರಾಮ್ ನೋಡಿದವರಿಗೆ ಏನೋ ಕೊರತೆಯಿದ್ದಂತೆ ಅನ್ನಿಸುತ್ತದೆ. ಕೋಲ್ಕತ್ತದ ಟ್ರಾಮ್ ಕಂಡವರಿಗಾದರೆ ಅದೇನೆಂದು ಥಟ್ಟನೆ ಹೊಳೆಯುತ್ತದೆ. ತಲೆಯ ಮೇಲೆ ತಂತಿಯೇ ಇಲ್ಲ! 18ನೇ ಶತಮಾನದ ಕಲ್ಲಿನ ಮಹಲುಗಳ ಮುಂದೆ ಉದ್ದನೆಯ ಗಾಡಿ ತನ್ನಷ್ಟಕ್ಕೆ ತಾನೇ ಜಾರಿ ಹೋಗುತ್ತದೆ.

ಇಲ್ಲಿ ಗಾರೋನ್ ನದಿ ಅರ್ಧಚಂದ್ರದಂತೆ ಬಾಗುತ್ತದೆ. ಊರಿಗೆ ‘ಚಂದ್ರನ ಬಂದರು’ ಎಂಬ ಹೆಸರು ಬಂದದ್ದು ಅದರಿಂದಲೇ. ರೋಮನ್ನರಿಗೆ ಇದು ಬುರ್ದಿಗಾಲ. ದ್ರಾಕ್ಷಾರಸದಿಂದ ಬೆಳೆದ ಊರು ಎಂಬುದು ಎಲ್ಲರೂ ಹೇಳುವ ಮಾತು. ಆದರೆ ಕೆರಿಬಿಯನ್ ದ್ವೀಪಗಳ ಸಕ್ಕರೆಯ ದುಡ್ಡು, ಗುಲಾಮರನ್ನು ಮಾರಿದ ದುಡ್ಡು ಕೂಡ ಆ ಮಹಲುಗಳ ಗೋಡೆಗಳಲ್ಲಿ ಸೇರಿಕೊಂಡಿದೆ.

1880ರಲ್ಲಿ ಕುದುರೆ ಎಳೆಯುವ ಟ್ರಾಮ್ ಬಂತು, 1900ರಲ್ಲಿ ವಿದ್ಯುತ್ತಿನದು. 1947ರಿಂದ 1995ರವರೆಗೆ ಮೇಯರ್ ಆಗಿದ್ದ ಝಾಕ್ ಶಾಬಾನ್-ದೆಲ್ಮಾಸ್‌ಗೆ ಅದು ಹಳೆಯ ಕಾಲದ ಸಾಮಾನಿನಂತೆ ಕಂಡಿತು. 1958ರಲ್ಲಿ ಕೊನೆಯ ಗಾಡಿಯೂ ನಿಂತಿತು. ಬೀದಿ ಕಾರುಗಳ ಪಾಲಾಯಿತು. ನದಿಯಂಚಿನಲ್ಲಿ ಗೋದಾಮುಗಳ ಸಾಲು, ಮಹಲುಗಳ ಮುಖಕ್ಕೆ ಮಸಿ. ‘ಮಲಗಿದ ಸುಂದರಿ’ ಎಂದು ಊರಿಗೆ ಅಡ್ಡಹೆಸರೇ ಬಿತ್ತು.

ವಾಹನಗಳ ಇಕ್ಕಟ್ಟಿಗೆ ಅದೇ ಮೇಯರ್ ನೆಲದಡಿಯ ಮೆಟ್ರೊ ತರಲು ಯೋಚಿಸಿದರು. ಆದರೆ ಕೆಳಗಿರುವುದು ನೀರು ತುಂಬಿದ ಜವುಗು ಮಣ್ಣು, ಖರ್ಚು ಕೈಗೆಟುಕದ್ದು. 1994ರಲ್ಲಿ ಆ ಯೋಜನೆ ಬಿದ್ದುಹೋಯಿತು. ಮರುವರ್ಷ ಮೇಯರ್ ಆದ ಅಲೆನ್ ಜುಪ್ಪೆ ಟ್ರಾಮಿನ ಪರ ನಿಂತರು. ಹಳಿ ಕಿತ್ತವರು, ಹಳಿ ಹಾಕಿಸಿದವರು ಇಬ್ಬರೂ ಫ್ರಾನ್ಸಿನ ಪ್ರಧಾನಿ ಪಟ್ಟ ಕಂಡವರು. ಒಂದು ಊರಿನ ಬೀದಿಗೆ ಇಷ್ಟು ದೊಡ್ಡವರ ಕೈ ತಾಗುವುದು ಅಪರೂಪ.

ತಕರಾರು ಬಂದದ್ದು ತಂತಿಯ ಮೇಲೆ. ಇಂಥ ಮಹಲುಗಳ ಮುಂದೆ ಕಂಬ ನೆಟ್ಟು ತಂತಿಯ ಜಾಲ ಹೆಣೆಯುವುದು ಹೇಗೆ? ಉಪಾಯವನ್ನು ನೆಲದಲ್ಲೇ ಹುಡುಕಿದರು. ಎರಡು ಹಳಿಗಳ ನಡುವೆ ರಸ್ತೆಯ ಮಟ್ಟಕ್ಕೇ ಮೂರನೆಯದೊಂದನ್ನು ಹೂತರು. ಅದರಲ್ಲಿ 8 ಮೀಟರಿನ ವಿದ್ಯುತ್ ತುಂಡು, ಬಳಿಕ 3 ಮೀಟರಿನ ನಿರೋಧಕ ತುಂಡು, ಮತ್ತೆ ಅದೇ ಸರದಿ. ಗಾಡಿ ಕಳಿಸುವ ರೇಡಿಯೊ ಸಂಕೇತ ತಲುಪಿದಾಗ, ಗಾಡಿಯ ಹೊಟ್ಟೆಯಡಿ ಇರುವ ತುಂಡಿಗಷ್ಟೇ 750 ವೋಲ್ಟ್ ಹರಿಯುತ್ತದೆ. ಗಾಡಿ ದಾಟಿತೋ, ಅದು ಬರೀ ಲೋಹದ ಪಟ್ಟಿ. ಹಿಂದೆಯೇ ಮಗುವೊಂದು ಅದನ್ನು ತುಳಿದುಕೊಂಡು ಹೋದರೂ ಭಯವಿಲ್ಲ. ಊರ ಹೊರವಲಯದಲ್ಲಿ ಮಾತ್ರ ಗಾಡಿ ನಿಲ್ದಾಣದಲ್ಲಿ ನಿಂತು ತೋಳೆತ್ತಿ ಮಾಮೂಲಿ ತಂತಿ ಹಿಡಿಯುತ್ತದೆ.

2003ರ ಡಿಸೆಂಬರ್ 21ರಂದು ಅಧ್ಯಕ್ಷ ಝಾಕ್ ಶಿರಾಕ್ ಮೊದಲ ಮಾರ್ಗವನ್ನು ಉದ್ಘಾಟಿಸಿದರು. ಹೊಸ ವಿದ್ಯೆ ಸುಲಭವಾಗಿ ಒಲಿಯಲಿಲ್ಲ. ಮಳೆನೀರು ನಿಂತು, ತುಂಡುಗಳಿಗೆ ವಿದ್ಯುತ್ ಹರಿಸುವ ಪೆಟ್ಟಿಗೆಗಳು ಕೈಕೊಟ್ಟು, ಗಾಡಿಗಳು ನಡುಬೀದಿಯಲ್ಲಿ ನಿಂತವು. ಇದು ಸರಿಹೋಗದಿದ್ದರೆ ತಂತಿಯನ್ನೇ ಎಳೆಯೋಣ ಎಂಬ ಮಾತೂ ಎದ್ದಿತ್ತು. ರಿಪೇರಿ ಮಾಡುತ್ತ ಮಾಡುತ್ತ ಹದಕ್ಕೆ ಬಂತು. ಆಮೇಲೆ ರ‍್ಯಾನ್ಸ್, ಆಂಜೆ, ದುಬೈ ನಗರಗಳೂ ಇದೇ ವಿಧಾನ ಹಿಡಿದವು.

ಟ್ರಾಮ್ ಬಂದ ನೆಪದಲ್ಲಿ ನದಿದಂಡೆಯೂ ತೆರೆದುಕೊಂಡಿತು. ಗೋದಾಮುಗಳು ಸರಿದವು, ಮಹಲುಗಳ ಮಸಿ ತೊಳೆದರು. 2006ರಲ್ಲಿ ಬೂರ್ಸ್ ಚೌಕದೆದುರು ‘ನೀರಿನ ಕನ್ನಡಿ’ ಹರಡಿತು. ಕಪ್ಪು ಗ್ರಾನೈಟಿನ ಮೇಲೆ ಎರಡು ಸೆಂಟಿಮೀಟರ್ ನೀರು ಅಷ್ಟೇ. ಬೇಸಿಗೆಯಲ್ಲಿ ಮಕ್ಕಳು ಅದರಲ್ಲಿ ಓಡುವಾಗ ಮಹಲುಗಳ ಬಿಂಬ ಚೂರಾಗುತ್ತದೆ, ಮತ್ತೆ ಕೂಡುತ್ತದೆ. ಮರುವರ್ಷ ಯುನೆಸ್ಕೊ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಹಳೆಯ ಊರಿಗೂ ಆಚೆ ದಡದ ಲಾ ಬಾಸ್ತಿದ್‌ಗೂ ನಡುವೆ 17 ಕಮಾನುಗಳ ಕಲ್ಲುಸೇತುವೆಯಿದೆ. 1822ರಲ್ಲಿ ಮುಗಿದದ್ದು, ಊರಿನ ಮೊದಲ ಸೇತುವೆ. ಟ್ರಾಮಿನ ಎ ಮಾರ್ಗ ಅದರ ಮೇಲಿಂದಲೇ ಸೆನೋನ್, ಲೋರ್ಮೋಂ ಬಡಾವಣೆಗಳತ್ತ ಹೋಗುತ್ತದೆ. ಪೇಟೆಗೆ ದೂರವಾಗಿದ್ದ ಆ ದಡದ ಜನಕ್ಕೆ ಇದು ದೊಡ್ಡ ಅನುಕೂಲ. 2017ರ ಆಗಸ್ಟಿನಲ್ಲಿ ಸೇತುವೆಗೆ ಖಾಸಗಿ ಕಾರುಗಳ ಪ್ರವೇಶ ನಿಂತಿತು. ಈಗ ಟ್ರಾಮಿನ ಪಕ್ಕದಲ್ಲಿ ಸೈಕಲ್ಲುಗಳ ಸಾಲು. ನಡೆದು ಹೋಗುವವರು ಅಂಚಿನಲ್ಲಿ ನಿಂತು ಗಾರೋನಿನ ಕೆಸರುಬಣ್ಣದ ನೀರು ನೋಡುತ್ತಾರೆ.